ಲೋಮಾವೈ ದ್ವೀಪದ ಕೊಬ್ಬರಿ, ಗದುಗಿನ ಶರಣವ್ವ

ಲೋಮಾವೈ ಎಂಬ ದ್ವೀಪವನ್ನು ನಕಾಶೆಯಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಶಾಂತಸಾಗರದ ನಡುವೆ ಸಾವಿರದ ನೂರು ಜನ, ಅವರಿಗಿಂತ ಹೆಚ್ಚು ಹಂದಿ, ಹಂದಿಗಿಂತ ಹೆಚ್ಚು ತೆಂಗಿನಮರ. ಅಲ್ಲಿನ ಸರ್ಕಾರದ ಆದಾಯ ಮೂರು ಬಾಬಿನದು: ದೊಡ್ಡ ದೇಶವೊಂದು ಕೊಡುವ ಸಹಾಯಧನ, ಜಗತ್ತಿನ ಹವ್ಯಾಸಿಗಳು ಕೊಳ್ಳುವ ಅಂಚೆಚೀಟಿ, ಹೊರಗೆ ಹೋಗುವ ಕೊಬ್ಬರಿ. 1984ರ ಹೊತ್ತಿಗೆ ಮೂರನೆಯದು ಸೊನ್ನೆಗಿಳಿದಿತ್ತು. ಎಣ್ಣೆ ಗಿರಣಿಗಳು ಕೊಡುವ ಬೆಲೆ ಹಡಗಿನ ಬಾಡಿಗೆಗೂ ಸಾಲುತ್ತಿರಲಿಲ್ಲ.

ಈ ದ್ವೀಪಕ್ಕೆ ಅಮೆರಿಕದ ಓಕ್ಲ್ಯಾಂಡ್ ಬಂದರಿನ ಹತ್ತಿರ ಎರಡು ಕೋಣೆಯ ವ್ಯಾಪಾರ ಕಚೇರಿಯಿತ್ತು. ಒಂದರಲ್ಲಿ ದ್ವೀಪದ ಪ್ರತಿನಿಧಿ ಟೊಮಾಸಿ ಕೂರುತ್ತಿದ್ದ. ಇನ್ನೊಂದರಲ್ಲಿ ಗದುಗಿನ ಶರಣವ್ವ.

ಶರಣವ್ವ ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದಿದವಳು. ಗಂಡ ವೀರಣ್ಣನ ಜೊತೆ ಫ್ರೀಮಾಂಟ್‌ಗೆ ಬಂದು, ಇಪ್ಪತ್ತೆರಡು ಅರ್ಜಿ ಹಾಕಿ, ಇಪ್ಪತ್ತಮೂರನೆಯದಕ್ಕೆ ಈ ಕೆಲಸ ಹಿಡಿದಿದ್ದಳು. ದ್ವೀಪದ ಲೆಕ್ಕಪತ್ರ ಬರೆಯುವುದು, ಟೈಪು ಮಾಡುವುದು, ಟೊಮಾಸಿ ಮರೆತದ್ದನ್ನು ನೆನಪಿಸುವುದು ಅವಳ ಪಾಲಿಗಿತ್ತು. ಬೇರೆಯವರ ಲೆಕ್ಕದಲ್ಲಿ ತಪ್ಪು ಸಿಕ್ಕರೆ ಅವಳಿಗೆ ಸಂತೋಷವಾಗುತ್ತಿತ್ತು. ಆ ಸಂತೋಷವನ್ನು ಅವಳು ಮುಚ್ಚಿಡುತ್ತಿರಲಿಲ್ಲ.

ಆ ವರ್ಷವೇ ಸಹಾಯಧನದ ಇಲಾಖೆಯಿಂದ ಪತ್ರ ಬಂತು. 1985ರ ಜುಲೈಯಿಂದ 1986ರ ಜೂನ್‌ವರೆಗೆ ಕಚೇರಿ ತನ್ನ ವರ್ಷದ ಬಾಡಿಗೆಯಷ್ಟಾದರೂ ಮಾಲು ಮಾರಬೇಕು. ಇಲ್ಲವಾದರೆ ಬಾಗಿಲು ಮುಚ್ಚಬೇಕು. ಬಾಡಿಗೆ ನಾಲ್ಕು ಸಾವಿರದ ಎಂಟುನೂರು ಡಾಲರು.

"ನನ್ನನ್ನು ಊರಿಗೆ ಕರೆಸಿ ಹಂದಿ ತೆರಿಗೆ ವಸೂಲಿಗೆ ಹಾಕುತ್ತಾರೆ" ಎಂದ ಟೊಮಾಸಿ.

"ನಿನಗೆ ಹಂದಿಯಾದರೂ ಇದೆ. ನನಗೆ ಇಪ್ಪತ್ತನಾಲ್ಕನೆಯ ಅರ್ಜಿ" ಎಂದಳು ಶರಣವ್ವ.

ಉಪಾಯ ಹೊಳೆದದ್ದು ಅವಳಿಗೇ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಉಡಿ ತುಂಬಲು ಕೊಬ್ಬರಿ ಬಟ್ಟಲು ಬೇಕು: ಒಂದು ಉಡಿಗೆ ಎರಡು, ಬಸುರಿಗೆ ಕುಬಸ ಮಾಡುವಾಗ ಐದು. ಆಗ ಓಕ್ಲ್ಯಾಂಡ್, ಫ್ರೀಮಾಂಟ್ ಸುತ್ತಲೆಲ್ಲ ಒಡಕಿಲ್ಲದ ಬಟ್ಟಲು ಸಿಗುವುದು ದುರ್ಲಭವಾಗಿತ್ತು. ದ್ವೀಪದವರು ಕಾಯಿ ಒಡೆದು ತಿರುಳನ್ನು ಚೂರು ಮಾಡಿ ಒಣಗಿಸುತ್ತಿದ್ದರು. ಶರಣವ್ವ ಚಿತ್ರ ಬರೆದು ಕಳಿಸಿದಳು: ಕಾಯನ್ನು ಹಾಗೆಯೇ ಅಟ್ಟದ ಮೇಲಿಡಿ, ಒಳಗೆ ಗಡಗಡ ಸದ್ದಾಗುವವರೆಗೆ ಮುಟ್ಟಬೇಡಿ, ಆಮೇಲೆ ಚಿಪ್ಪು ಬಿಡಿಸಿ ಒಳಗಿನ ಇಡೀ ಗಿಟುಕನ್ನು ಸರಿಯಾಗಿ ಎರಡು ಹೋಳು ಮಾಡಿ. ದ್ವೀಪದ ಹಣಕಾಸು ಕಾರ್ಯದರ್ಶಿ ಮರುತಂತಿ ಕಳಿಸಿದ: "ಅವರು ಇದನ್ನು ತಿನ್ನುತ್ತಾರೋ, ಪೂಜಿಸುತ್ತಾರೋ?" ಶರಣವ್ವ ಉತ್ತರಿಸಿದಳು: "ಡಾಲರ್ ಕೊಡುತ್ತಾರೆ."

ಹಳೆಯ ಒಣಗಾಯಿಗಳಿಂದ ಮಾಡಿದ ಮುನ್ನೂರು ಬಟ್ಟಲು ಮಾದರಿಯಾಗಿ ಬಂದವು. ಬಟ್ಟಲಿಗೆ ಒಂದು ಡಾಲರಿನಂತೆ ಎರಡೇ ದಿನದಲ್ಲಿ ಖರ್ಚಾದವು. ಶರಣವ್ವ ಕೂತು ಗುಣಿಸಿದಳು. ಇನ್ನೂರು ಮನೆ, ಮನೆಗೆ ವರ್ಷಕ್ಕೆ ಹದಿನೈದು ಉಡಿ, ಉಡಿಗೆ ಎರಡು ಬಟ್ಟಲು: ಆರು ಸಾವಿರ. ಇದೇ ಮಾಲು ಗಿರಣಿಗೆ ಹೋದರೆ ಇನ್ನೂರು ಡಾಲರೂ ಹುಟ್ಟುವುದಿಲ್ಲ, ಉಡಿಗೆ ಹೋದರೆ ಆರು ಸಾವಿರ. ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಲೆಕ್ಕ ತಪ್ಪಾಗಿತ್ತು.

1985ರ ಆಗಸ್ಟಿನಲ್ಲಿ ಆರು ಸಾವಿರ ಬಟ್ಟಲು ಬಂದಿಳಿದವು. ದೀಪಾವಳಿಯ ಹೊತ್ತಿಗೆ ಏಳುನೂರು ಹೋದವು. ಆಮೇಲೆ ಒಂದೂ ಹೋಗಲಿಲ್ಲ.

ಡಿಸೆಂಬರಿನಲ್ಲಿ ಬಂಗಾರೆವ್ವನ ಮನೆಯಲ್ಲಿ ಪೂಜೆ. ಬಂಗಾರೆವ್ವ ಫ್ರೀಮಾಂಟಿನ ನಮ್ಮವರಿಗೆಲ್ಲ ಹಿರಿಯಳು, ಯಾರ ಮನೆಯಲ್ಲಿ ಯಾವ ಶಾಸ್ತ್ರ ತಪ್ಪಿತೆಂದು ಬಲ್ಲವಳು. ಅವಳು ಶರಣವ್ವನಿಗೆ ಉಡಿ ತುಂಬಿದಳು. ಒಂದು ಬಟ್ಟಲಿನ ಅಂಚಿನಲ್ಲಿ ಬಿರುಕು, ಬಿರುಕಿಗೆ ಅರಿಷಿಣ ಮೆತ್ತಿತ್ತು. ಮೆತ್ತಿದವಳು ಶರಣವ್ವನೇ. ಸೆಪ್ಟೆಂಬರಿನಲ್ಲಿ ಅದನ್ನು ಅವಳು ನೆರೆಮನೆಯ ನಾಗವ್ವನ ಉಡಿಗೆ ಹಾಕಿದ್ದಳು.

"ಬಂಗಾರಕ್ಕ, ಈ ಬಟ್ಟಲಾ ಎಲ್ಲಿಂದ ಬಂತ್ರಿ?"

"ಎಲ್ಲಿಂದ ಬರತೈತಿ? ಯಾರೋ ಕೊಟ್ಟಿದ್ರು, ನಾ ನಿನಗ ಕೊಟ್ಟೆ, ನೀ ಇನ್ನೊಬ್ಬಾಕಿಗೆ ಕೊಡು. ಉಡಿ ಕೊಬ್ಬರಿ ತಿರುಗಬೇಕವಾ, ಮನ್ಯಾಗ ಕೂಡಬಾರದು."

ಬಿ.ಕಾಂ. ಬುದ್ಧಿಯಿಂದ ಗುಣಿಸಿದವಳು ಗದುಗಿನ ಬುದ್ಧಿಯಿಂದ ಯೋಚಿಸಿರಲಿಲ್ಲ. ಉಡಿಯ ಬಟ್ಟಲನ್ನು ತಿನ್ನುವವರು ಯಾರು? ಮಾದರಿಯ ಮುನ್ನೂರು, ಆಮೇಲಿನ ಏಳುನೂರು, ಒಟ್ಟು ಅದೇ ಒಂದು ಸಾವಿರ ಬಟ್ಟಲು ಇನ್ನೂರು ಮನೆಗಳನ್ನು ಸುತ್ತುತ್ತಿದ್ದವು. ಅವಳ ಮನೆಯ ಕಪಾಟಿನಲ್ಲೂ ಹನ್ನೊಂದು ತಮ್ಮ ಸರದಿ ಕಾಯುತ್ತಿದ್ದವು.

ಸೋಮವಾರ ಕಚೇರಿಯಲ್ಲಿ ಟೊಮಾಸಿಗೆ ಇದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು.

"ಅಂದರೆ ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ?"

"ಹೌದು."

"ಕೊನೆಗೆ?"

"ಕೊನೆ ಇಲ್ಲ."

ಟೊಮಾಸಿ ತಲೆ ಅಲ್ಲಾಡಿಸಿದ. "ನಮ್ಮ ಅಂಚೆಯವರು ಎಷ್ಟೋ ವಾಸಿ. ಚೀಟಿಯ ಮೇಲೆ ತಾರೀಕಿನ ಠಸ್ಸೆ ಬಿದ್ದರೆ ಮುಗಿಯಿತು. ಮತ್ತೊಮ್ಮೆ ಹಚ್ಚಲು ಬರುವುದಿಲ್ಲ."

ಶರಣವ್ವ ಎದ್ದು, ಬಂದ ಪತ್ರಗಳ ಮೇಲೆ ತಾರೀಕು ಒತ್ತುವ ರಬ್ಬರ್ ಠಸ್ಸೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಕಚೇರಿಯ ನೇರಳೆ ಶಾಯಿ ತಿನ್ನುವ ಪದಾರ್ಥಕ್ಕೆ ಆಗದು. ಅವಳು ಅರಿಷಿಣಕ್ಕೆ ಸುಣ್ಣ ಕಲಸಿ ಕೆಂಪು ಶಾಯಿ ಮಾಡಿದಳು. ಕೆಂಪಾದ್ದರಿಂದ ಯಾರೂ ಅಪಶಕುನ ಎನ್ನುವಂತಿರಲಿಲ್ಲ. ಜನವರಿಯಿಂದ ಯಾರು ಬಟ್ಟಲು ಕೊಂಡರೂ ಕೊಂಡ ದಿನದ ತಾರೀಕು ಬೆನ್ನಿಗೆ ಬೀಳುತ್ತಿತ್ತು.

"ಏನವಾ ಶರಣವ್ವ, ಕೊಬ್ಬರಿಗೂ ಜಾತಕಾ ಬರದಿಯೇನು?" ಎಂದಳು ಬಂಗಾರೆವ್ವ.

"ತಾಜಾ ಮಾಲಂತ ಗುರುತ್ರಿ ಅಕ್ಕಾ. ದ್ವೀಪದ ಸರಕಾರದ್ದು ಭಾಳ ಶಿಸ್ತು."

ದ್ವೀಪದ ಸರ್ಕಾರಕ್ಕೆ ಈ ಶಿಸ್ತಿನ ಸುದ್ದಿಯೇ ಇರಲಿಲ್ಲ.

ಮಾರ್ಚಿನಲ್ಲಿ ನಾಗವ್ವನ ಮಗಳ ಕುಬಸ. ಮೂವತ್ತು ಹೆಂಗಸರು ಸೇರಿದ್ದೆವು. ಬಂಗಾರೆವ್ವ ಐದು ಬಟ್ಟಲು ತುಂಬಿದಳು. ಹಾಡು ಮುಗಿಯುವ ಮುಂಚೆಯೇ ನಾಗವ್ವ ಒಂದನ್ನು ಬೋರಲು ಹಾಕಿ, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದಳು.

"ಜನವರಿ ಹದಿನಾಕು. ಬಂಗಾರೆವ್ವಾರ, ಇದು ಸಂಕ್ರಾಂತಿಗೆ ನಾ ನಿಮಗ ಕೊಟ್ಟಿದ್ದಲ್ಲೇನ್ರಿ?"

"ಜನವರಿ ಹದಿನಾಕಕ್ಕ ನೀ ಒಬ್ಬಾಕೀನ ಕೊಂಡಿದ್ದೇನು?"

"ಒಬ್ಬಾಕೀನ. ಅವತ್ತು ಉಳದವರೆಲ್ಲಾ ಎಳ್ಳು ಬೀರಾಕ ಹೋಗಿದ್ರು. ಕೇಳ್ರಿ ಶರಣವ್ವನ್ನ, ಬರದಿಟ್ಟಾಳ."

ಶರಣವ್ವ ಬರೆದಿಟ್ಟಿದ್ದಳು. ಈಗ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಬಂಗಾರೆವ್ವನ ಮುಖ ಠಸ್ಸೆಯ ಬಣ್ಣಕ್ಕೆ ತಿರುಗಿತು. ಬಸುರಿ ಹುಡುಗಿ ನಕ್ಕೂ ನಕ್ಕೂ ಉಡಿಯಲ್ಲಿದ್ದುದನ್ನೆಲ್ಲ ಚೆಲ್ಲಿದಳು.

ಮರುದಿನದಿಂದ ಫ್ರೀಮಾಂಟಿನ ಅಡಿಗೆಮನೆಗಳಲ್ಲಿ ಹಳೆಯ ಬಟ್ಟಲುಗಳಿಗೆ ಸದ್ಗತಿ ದೊರೆಯತೊಡಗಿತು. ಯಾರ ಮನೆಗೆ ಹೋದರೂ ಕೊಬ್ಬರಿ ಚಟ್ನಿಪುಡಿ, ಅಂಟಿನುಂಡಿ, ಒಗ್ಗರಣೆ ಅವಲಕ್ಕಿಯ ಮೇಲೆ ಒಂದು ಹಿಡಿ ಕೊಬ್ಬರಿ ತುರಿ. ವೀರಣ್ಣನ ವೈದ್ಯರು ಅವನ ರಕ್ತದಲ್ಲಿ ಏರಿದ ಕೊಬ್ಬು ನೋಡಿ ಕಾರಣ ಕೇಳಿದರು. ಯಾರ ಮನೆಯ ಪೂಜೆಯಾದರೂ ಹಿಂದಿನ ದಿನ ಶರಣವ್ವನ ಬಾಗಿಲಲ್ಲಿ ಕಾರು ನಿಲ್ಲುತ್ತಿತ್ತು. "ನಾಳಿನ ತಾರೀಕ ಒತ್ತವಾ" ಎಂದು ಹಳೆಯ ಬಟ್ಟಲು ಹಿಡಿದು ಬೇಡಿದವರೂ ಉಂಟು. ಅದು ಸುಳ್ಳು ದಾಖಲೆಯಾಗುತ್ತದೆಂದು ಅವಳು ಒಪ್ಪಲಿಲ್ಲ. ಹೊಸ ಬಟ್ಟಲು ಮಾರಿದರೆ ಒಂದು ಡಾಲರು ಬರುವಾಗ ಒಪ್ಪುವ ಅಗತ್ಯವೂ ಇರಲಿಲ್ಲ.

ಜೂನ್ ಕೊನೆಯ ವಾರ ಇಲಾಖೆಯ ಅಧಿಕಾರಿ ಬಂದ. ಪುಸ್ತಕ ಎರಡು ಬಾರಿ ಕೂಡಿಸಿದ. ನಾಲ್ಕು ಸಾವಿರದ ಒಂಬೈನೂರ ಅರವತ್ತು. ಒಂದು ಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಈ ತಾರೀಕು ಯಾತರದು? ಇದಾದ ಮೇಲೆ ತಿನ್ನಬಾರದೆಂದೇ?"

"ತಿನ್ನಬಹುದು, ಕೊಡಬಾರದು" ಎಂದಳು ಶರಣವ್ವ.

ಅವನು ಅದನ್ನು ಹಾಗೆಯೇ ಬರೆದುಕೊಂಡು, ಕಚೇರಿಯನ್ನು ಇನ್ನೂ ಮೂರು ವರ್ಷ ನಡೆಸಲು ಸಹಿ ಹಾಕಿದ. ಟೊಮಾಸಿ ಆನಂದದಿಂದ ಮುಂದಿನ ವರ್ಷಕ್ಕೆ ಹನ್ನೆರಡು ಸಾವಿರ ಬಟ್ಟಲು ತರಿಸೋಣ ಎಂದ.

"ಐದು ಸಾವಿರ ಸಾಕು" ಎಂದಳು ಶರಣವ್ವ. ಹಿಂದಿನ ಶನಿವಾರ ಮೊಳೆ, ಬಣ್ಣ ಮಾರುವ ಅಂಗಡಿಯಲ್ಲಿ ಬಂಗಾರೆವ್ವ ಬಣ್ಣ ಕೆರೆಯುವ ಸ್ಯಾಂಡ್‌ಪೇಪರನ್ನು ಬೆರಳಿನಿಂದ ಸವರಿ ಸವರಿ ಆರಿಸುತ್ತಿದ್ದುದನ್ನು ಅವಳು ಕಂಡಿದ್ದಳು.