ಖಣ ತೊಟ್ಟ ಸವತೆಕಾಯಿ

ನಮ್ಮ ಕಡೆ ಯಾರ ಮನೆಗೆ ಹೋದರೂ ಬರುವಾಗ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ಖಣ. ಖಣವೆಂದರೆ ಕುಪ್ಪಸದ ಬಟ್ಟೆ. ಆದರೆ ಉಡಿಗೆ ಬಂದ ಖಣವನ್ನು ಹೊಲಿಸಿ ತೊಟ್ಟವಳನ್ನು ನಾನು ಇಂದಿನವರೆಗೆ ನೋಡಿಲ್ಲ. ಅದು ನೆಟ್ಟಗೆ ಟ್ರಂಕಿಗೆ ಹೋಗುತ್ತದೆ, ಮುಂದೆ ಬಂದ ಬೀಗಿತಿಯ ಉಡಿಗೆ ಬೀಳುತ್ತದೆ, ಅವಳ ಟ್ರಂಕಿನಿಂದ ಮತ್ತೊಬ್ಬಳಿಗೆ. ಊರೂರು ಸುತ್ತಿ ಕೊಟ್ಟವಳ ಕೈಗೇ ವಾಪಸು ಬಂದ ಖಣಗಳಿವೆ, ಕೊಟ್ಟವಳಿಗೆ ಗುರುತೂ ಸಿಕ್ಕಿರುತ್ತದೆ, ಆದರೂ ಯಾರೂ ಬಾಯಿ ಬಿಡುವುದಿಲ್ಲ.

ನನ್ನದು ಇಲಕಲ್ಲಿನ ಮಗ್ಗದ ಮನೆ. ಬಟ್ಟೆಯ ವಿಷಯದಲ್ಲಿ ನಮಗೆ ಸ್ವಲ್ಪ ಸೊಕ್ಕು. ನನ್ನ ಮದುವೆಯಲ್ಲಿ ನಮ್ಮವ್ವ ಅಂಗಡಿಯ ಕಟ್ಟನ್ನೆಲ್ಲ ಕೆಡವಿಸಿ ಆರಿಸಿದ ಖಣವನ್ನು ನನ್ನ ಗಂಡನ ಅಕ್ಕನಿಗೆ ಕೊಟ್ಟಳು. ಆಕೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇಲಕಲ್ಲಿನವ್ರು ಅಂದ್ರ ಇಷ್ಟನ?" ಅಂದಳು. ನಾನು ಅಕ್ಷತೆ ಹೊತ್ತು ಕೂತವಳು, ಬಾಯಿ ಮುಚ್ಚಿಕೊಂಡೆ. ಆದರೆ ಆ ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡೆ.

ಗಂಡನ ಮನೆ ಹುನಗುಂದದ ಹತ್ತಿರದ ಹಳ್ಳಿ. ಹೊಲದಲ್ಲಿ ಕಲ್ಲಂಗಡಿ, ಹಿತ್ತಲಲ್ಲಿ ಅತ್ತೆಯ ಸವತೆಬಳ್ಳಿ. ಅತ್ತೆಯ ತವರೂರು ಬಾಗಲಕೋಟೆಯ ಕಡೆ ಹಿನ್ನೀರಿನಲ್ಲಿ ಮುಳುಗಿದ ಊರು. ಊರು ಬಿಡುವಾಗ ಉಳಿದವರು ಬಾಗಿಲು, ತೊಲೆ, ಚೌಕಟ್ಟು ಕಿತ್ತು ಸಾಗಿಸಿದರೆ, ಅತ್ತೆ ತವರಿಗೆ ಹೋಗಿ ಸವತೆಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದರಂತೆ. ಅಂದಿನಿಂದ ವರ್ಷ ವರ್ಷ ಅದೇ ತಳಿ. "ತುದಿಯಿಂದ ತುದಿಗೆ ಕಹಿ ಅನ್ನೂದ ಇಲ್ಲ, ತಿಂದು ನೋಡು" ಅನ್ನುತ್ತಿದ್ದರು. ತಿಂದು ನೋಡಿದೆ. ಸವತೆಕಾಯಿ ಸವತೆಕಾಯಿಯಂತೆಯೇ ಇತ್ತು. ಅದನ್ನು ಅವರ ಮುಂದೆ ಹೇಳುವಷ್ಟು ದಡ್ಡಿ ನಾನಲ್ಲ. ಬೀಜ ಕೇಳಿದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ಕೈ ಬದಲಾದ್ರ ತಳಿ ಕೆಡ್ತೈತಿ."

ಕೆಡಿಸಿದವನು ಹೊರಗಿನವನಲ್ಲ, ಅವರ ಮಗ. ಮಾರದೆ ಉಳಿದ ಕಲ್ಲಂಗಡಿಯನ್ನು ನನ್ನ ಗಂಡ ತಂದು ಹಿತ್ತಲ ತಿಪ್ಪೆಗೆ ಸುರಿದ. ಕೊಳೆತ ಹಣ್ಣಿನಲ್ಲಿ ಹಣ್ಣುನೊಣ ಸಂಸಾರ ಹೂಡಿತು. ಕಣಜದ ಹಾಗೆ ನಡು ಸಣ್ಣಗಿರುವ ಈ ನೊಣ ಎಳೆಗಾಯಿಯನ್ನು ಚುಚ್ಚಿ ತತ್ತಿ ಇಡುತ್ತದೆ. ಕಾಯಿ ಅಲ್ಲೇ ಡೊಂಕಾಗಿ ಅಂಟು ಸುರಿಸುತ್ತದೆ. ಕುಯ್ದರೆ ಒಳಗೆಲ್ಲ ಬಿಳಿ ಹುಳ. ತಿನ್ನುವ ಕಾಯನ್ನಾದರೆ ಬೇಗ ಹರಿದುಕೊಳ್ಳಬಹುದು. ಬೀಜದ ಕಾಯಿ ಮಾತ್ರ ಬಳ್ಳಿಯ ಮೇಲೆಯೇ ಹಣ್ಣಾಗಿ ಹಳದಿಯಾಗಬೇಕು, ಅಂದರೆ ನೊಣದ ಬಾಯಿಗೆ ತುತ್ತು ಇಟ್ಟು ಕಾದಂತೆ. ಹೀಗೆ ಬೀಜ ವರ್ಷ ವರ್ಷ ಕರಗಿ ಕೊನೆಗೆ ಅತ್ತೆಯ ಗಂಟಿನಲ್ಲಿ ಒಂದು ಚಿಟಿಕೆ ಉಳಿಯಿತು. ಅದನ್ನೂ ಊರಿದರು. ಈ ಸಲ ಕೈಕೊಟ್ಟರೆ ಆ ಊರಿನದು ಅಂತ ಏನೂ ಉಳಿಯುವುದಿಲ್ಲ.

ನನ್ನ ಗಂಡ ಹುನಗುಂದಕ್ಕೆ ಹೋಗಿ ನೊಣದ ಬಲೆ ತಂದ. ಪ್ಲಾಸ್ಟಿಕ್ ಬಾಟಲಿ, ಒಳಗೊಂದು ವಾಸನೆಯ ತುಂಡು. ಆ ವಾಸನೆಗೆ ಗಂಡುನೊಣಗಳು ಮಾತ್ರ ಬರುತ್ತವಂತೆ. ಬಂದವು, ಬಿದ್ದವು, ಸತ್ತವು. ಅವನು ಬಾಟಲಿ ಎತ್ತಿ ಹೆಮ್ಮೆಯಿಂದ ತೋರಿಸಿದಾಗ ಅತ್ತೆ ಕಣ್ಣೆತ್ತಿಯೂ ನೋಡಲಿಲ್ಲ.

"ಗಂಡಸರು ಬಾಟ್ಲಿಗಿ ಬಿದ್ದು ಸಾಯೂದು ನಮ್ಮೂರಾಗ ಹೊಸಾದೇನಲೇ? ಚುಚ್ಚಾಕಿ ಹೆಣ್ಣು. ಆಕಿಗೇನ್ ಮಾಡ್ತಿ ಹೇಳು."

ಆಕೆ ಚುಚ್ಚುತ್ತಲೇ ಇದ್ದಳು. ನಾನು ಕಾಯಿಗೆ ಪೇಪರ್ ಸುತ್ತಿ ನೋಡಿದೆ, ಇಬ್ಬನಿಗೆ ಹರಿಯಿತು. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೇ ಬೆವೆತು ಕೊಳೆಯಿತು. ಆಗ ಟ್ರಂಕು ನೆನಪಾಯಿತು.

"ಅತ್ತಿ, ಟ್ರಂಕಿನ್ಯಾಗಿನ ಖಣ ಕಟ್ಟೂಣ್ರಿ."

"ಉಡಿ ಖಣ? ಸವತಿಕಾಯಿಗಿ? ತಲಿ ನೆಟ್ಟಗೈತಿಲ್ಲ?"

"ಬೀಜ ಹೊತ್ತದ್ದು ಬಸುರೀನ ಅಲ್ಲೇನ್ರಿ? ಉಡಿ ತುಂಬಿದ್ರ ತಪ್ಪೇನೈತಿ?"

ಅತ್ತೆ ನಡುವಿನಿಂದ ಕೀಲಿ ತೆಗೆದರು.

ಉಮೇದಿನಲ್ಲಿ ಹೂವಿಗೂ ಖಣ ಕಟ್ಟಿಬಿಟ್ಟೆವು. ಜೇನುಹುಳ ಒಳಗೆ ಹೋಗುವುದೆಲ್ಲಿಂದ? ಹೂವೆಲ್ಲ ಒಣಗಿ ಉದುರಿತು. "ಲಗ್ನಕ್ಕಿಂತ ಮೊದಲ ಉಡಿ ತುಂಬಿದಿವಿ ನೋಡು" ಅಂದರು ಅತ್ತೆ. ಮುಂದಿನ ಹೂವುಗಳನ್ನು ಹಾಗೇ ಬಿಟ್ಟು, ಕಾಯಿ ಕಿರುಬೆರಳಿನಷ್ಟಾದ ಮೇಲೆ ಸಡಿಲಾಗಿ ಕಟ್ಟಿದೆವು. ಹಿತ್ತಲ ತುಂಬ ಹಸಿರು, ನೀಲಿ, ಕೆಂಪು ಖಣ. ಬಗ್ಗಿ ನೋಡಿದ ನೆರೆಮನೆಯಾಕೆ, "ಬಳ್ಳಿಗಿ ಕುಬಸ ಮಾಡೀರಿ, ನಮಗೊಂದ್ ಮಾತ್ ಹೇಳಲಿಲ್ಲಲ್ರಿ" ಅಂತ ನಕ್ಕಳು. ಕುಬಸವೆಂದರೆ ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತ.

ಎಲ್ಲಕ್ಕಿಂತ ಚೆಂದದ ಕಾಯಿಗೆ ಅತ್ತೆ ಎಲ್ಲಕ್ಕಿಂತ ಚೆಂದದ ಖಣ ಕಟ್ಟಿದ್ದರು, ಮಗಳು ಕೊಟ್ಟ ದಟ್ಟ ಕೆಂಪಿನದು. ಗಂಟು ಜಾರಿ ನೊಣ ಹೊಕ್ಕ ಉಳಿದ ಕಾಯಿಗಳು ಕೊಳೆತು ಅವುಗಳ ಖಣ ಟ್ರಂಕಿಗೆ ಮರಳಿದವು, ಇದೊಂದು ನಿಂತಿತು. ಆ ಮಗಳೇ, ಅಂದರೆ ನನ್ನ ಮದುವೆಯಲ್ಲಿ ನಮ್ಮವ್ವನ ಖಣವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ ನಾದಿನಿಯೇ, ಕೆರೂರಿನಿಂದ ಬಂದಳು. ಹಿತ್ತಲಿಗೆ ಕಾಲಿಟ್ಟವಳೇ ಕೂಗಿದಳು.

"ಯವ್ವಾ! ನಾ ಕೊಟ್ಟ ಖಣ ಸವತಿಕಾಯಿಗಿ ಸುತ್ತೀರೇನ?"

"ಉಳಿದವ್ರು ಕೊಟ್ಟದ್ದು ಟ್ರಂಕಿನ್ಯಾಗ ಮಲಗ್ಯಾವ ಅಕ್ಕಾ, ನಿಮ್ದು ದುಡ್ಯಾಕತ್ತೈತಿ" ಅಂದೆ. ಉರಿಯುವ ಬೆಂಕಿಗೆ ಎಣ್ಣೆ ಹೊಯ್ಯುವುದು ನನಗೆ ಹುಟ್ಟಿನಿಂದ ಬಂದದ್ದು.

ಅವಳು ಗಂಟಿಗೆ ಕೈ ಹಾಕಿದಳು. ಅತ್ತೆ ಆ ಕೈಯನ್ನು ಹಿಡಿದುಕೊಂಡರು. "ಬಿಚ್ಚಬ್ಯಾಡ. ಅದೊಂದ ಕಾಯಿ ಉಳದೈತಿ. ನನ್ನ ತವರು ಇನ್ನೊಮ್ಮಿ ಮುಳಗೂದು ಬ್ಯಾಡ."

ನಾದಿನಿ ಕೈ ಬಿಟ್ಟಳು, ಆದರೆ ಊಟ ಮಾಡದೆ ಬಸ್ ಹತ್ತಿದಳು. ಆ ಕಾಯಿ ಹಣ್ಣಾಯಿತು. ಅತ್ತೆ ಬೀಜ ತೊಳೆದು, ಬೂದಿ ಹಚ್ಚಿ ಒಣಗಿಸಿದರು. ಅಷ್ಟರಲ್ಲಿ ಕೆರೂರಿನಿಂದ ಫೋನಿನ ಮೇಲೆ ಫೋನು, "ನನ್ನ ಖಣ ನನಗ ಕೊಡು." ದೀಪಾವಳಿಗೆ ಅವಳು ಬಂದಾಗ ಅತ್ತೆ ಖಣವನ್ನು ಒಗೆದು ಮಡಿಚಿ ಕೊಡಲು ಹೊರಟರು. ಆದರೆ ಬರಿ ಖಣ ಕೊಡಬಾರದು, ಉಡಿಗೆ ಏನಾದರೂ ಬೀಳಬೇಕು. ಸಿಟ್ಟಾದ ಮಗಳಿಗೆ ಬರೀ ಅಕ್ಕಿ ಹಾಕಿದರೆ ಅದಕ್ಕೂ ಒಂದು ಮಾತು ಬರುತ್ತದೆ. ಬಹಳ ಹೊತ್ತು ಯೋಚಿಸಿ, ಯಾರಿಗೂ ಕೊಡದಿದ್ದ ಬೀಜದಲ್ಲಿ ಅರ್ಧ ತೆಗೆದು ಹಾಕಿದರು. ನಾದಿನಿ ಮುಖ ಓರೆ ಮಾಡಿ ಅದನ್ನು ಚೀಲಕ್ಕೆ ತುರುಕಿದಳು. ಬೀಜ ಕೆರೂರಿನ ಕೋಳಿಗೆ ಬಿತ್ತು ಅಂದುಕೊಂಡೆ.

ಮರುವರ್ಷ ಬಳ್ಳಿ ಹೂ ಬಿಡುವ ಹೊತ್ತಿಗೆ ತಮ್ಮನ ಮದುವೆಗೆಂದು ನಾನು ಇಲಕಲ್ಲಿನಲ್ಲಿದ್ದೆ. ಅತ್ತೆಗೆ ಬಗ್ಗಲು ಸೊಂಟ ನೋವು. "ನಾ ಕಟ್ತೇನಿ ಬಿಡು" ಅಂದಿದ್ದ ನನ್ನ ಗಂಡ ಕಟ್ಟಿದ್ದು ಇನ್ನೆರಡು ಬಾಟಲಿ. ನಾನು ಬಂದಾಗ ಅತ್ತೆ ಕೊಳೆತ ಕಾಯಿಗಳ ಮುಂದೆ ಕೂತಿದ್ದರು. "ಎಲ್ಲಾ ಊರಿದ್ದೆ. ಮುಗೀತವಾ" ಅಂದರು. ಆ ಕಾಯಲ್ಲಿ ಏನೂ ಮಹಿಮೆ ಕಾಣದ ನನಗೂ ಅಳು ತಡೆಯಲಿಲ್ಲ.

ಆ ದೀಪಾವಳಿಗೆ ನಾದಿನಿ ಬಂದು, ನೀರೂ ಕುಡಿಯದೆ, ತಾಯಿಯ ಉಡಿಗೆ ಒಂದು ಗಂಟು ಹಾಕಿದಳು. ಅದೇ ಕೆಂಪು ಖಣ. ಬಿಚ್ಚಿದರೆ ಬೊಗಸೆ ತುಂಬ ಸವತೆಬೀಜ.

"ಬಚ್ಚಲ ನೀರಿಗಿ ಊರಿದ್ದೆ, ಹಬ್ಬೇ ಬಿಡ್ತು" ಅಂದಳು.

ಅತ್ತೆ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದರು. "ಹುಳ ಬೀಳಲಿಲ್ಲೇನ?"

"ನಿಮ್ಮಂಗ ಖಣ ಕಟ್ಟಿದ್ದೆ."

"ಯಾರ್ದು?"

ನಾದಿನಿ ನನ್ನ ಕಡೆ ನೋಡಿ, ಬೇರೆ ಕಡೆ ನೋಡಿ, ಹೇಳಿದಳು. "ಈಕಿ ಲಗ್ನದಾಗ ಇವ್ರವ್ವ ಕೊಟ್ಟಿದ್ದು. ಗಟ್ಟಿ ಬಟ್ಟಿ ಐತಿ, ಖರೆ. ಬಿಸಿಲು ಮಳಿ ತಿಂದ್ರೂ ಒಂದೆಳಿ ಬಿಡಲಿಲ್ಲ."

ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದ ಉತ್ತರಗಳನ್ನು ಬದಿಗಿಟ್ಟು ಅವಳಿಗೆ ಕುಡಿಯಲು ನೀರು ತಂದುಕೊಟ್ಟೆ. ಅತ್ತೆ ಬೀಜವನ್ನು ಮೂರು ಪಾಲು ಮಾಡಿದರು. ಒಂದು ತಮಗೆ, ಒಂದು ಮಗಳಿಗೆ. ಮೂರನೆಯದನ್ನು ಕೆಂಪು ಖಣದಲ್ಲಿ ಕಟ್ಟಿ ನನ್ನ ಉಡಿಗೆ ಹಾಕಿದರು.

"ಇದು ಇಲಕಲ್ಲಿಗಿ. ನಿಮ್ಮವ್ವಗ ಕೊಡು."

ಈಗ ಇಲಕಲ್ಲಿನಲ್ಲಿ ಮಗ್ಗದ ಮನೆಯ ಹಿಂದೆ ಸವತೆಬಳ್ಳಿ ಹಬ್ಬಿದೆ. ನಮ್ಮವ್ವ ಆ ಕೆಂಪು ಖಣವನ್ನು ಹೊಲಿಸಿಲ್ಲ, ಬೀಜದ ಕಾಯಿಗೆ ಕಟ್ಟಿದ್ದಾಳೆ.