ಸಾಕಮ್ಮ ದೊಡ್ಡವ್ವನ ಅರ್ಧ ಗಾದೆ

ಎದುರುಮನೆಯ ಸಾಕಮ್ಮ ದೊಡ್ಡವ್ವ ಯಾವ ಗಾದೆಯನ್ನೂ ಪೂರ್ತಿ ಹೇಳಿದವಳಲ್ಲ. ಅರ್ಧ ಹೇಳಿ, ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುವ ಮಚ್ಚನ್ನು ಎತ್ತಿದಲ್ಲೇ ಹಿಡಿದು, ಉಳಿದರ್ಧಕ್ಕೆ ಕಾಯುತ್ತಿದ್ದಳು. "ಕುಂಬಾರಂಗೆ ವರ್ಸ..." ಎಂದರೆ ಒಳಕೋಣೆಯಿಂದ ದೊಡ್ಡಪ್ಪ ಮೊದಲು ಒಮ್ಮೆ ಕೆಮ್ಮಿ, "ದೊಣ್ಣೆಗೆ ನಿಮ್ಸ" ಎನ್ನುತ್ತಿದ್ದರು. ಆಮೇಲೇ ಮಚ್ಚು ಇಳಿಯುತ್ತಿತ್ತು. ಅಕ್ಕೂರಿನಲ್ಲಿ ಆ ಮಕ್ಕಳಿಲ್ಲದ ಸಂಸಾರ ನಡೆದದ್ದೇ ಹೀಗೆ. ಜಗಳವನ್ನೂ ಗಾದೆಯಲ್ಲೇ ಆಡುತ್ತಿದ್ದರು.

ಅರ್ಧಕ್ಕೇ ಬಿಟ್ಟರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಕದ ಅರ್ಧ ತೆಗ್ದಿಟ್ಟಂಗೆ ಕಣವ್ವ. ಯಾರು ಬಂದಾರು ಅಂತ ಯೇಳಕ್ಕಾಯ್ತದಾ?"

ದೊಡ್ಡಪ್ಪ ತೀರಿಕೊಂಡರು. ತಿಥಿ ಮುಗಿದ ಮರುದಿನ ಸೊಪ್ಪು ಕತ್ತರಿಸಲು ನಾನೂ ಜೊತೆಗೆ ಕೂತೆ. ಅವಳು ಎಂದಿನಂತೆ ಅರ್ಧ ಗಾದೆ ಹೇಳಿ ಮಚ್ಚು ಎತ್ತಿ ಹಿಡಿದಳು. ನನಗೆ ಕೇಳಿಸಿದ್ದು ಹುಳುಗಳು ಮೇಯುವ ಸದ್ದೊಂದೇ. ಅವಳು ಮಾತ್ರ ತಲೆಯಾಡಿಸಿ, ನಕ್ಕು, ಮತ್ತೆ ಕತ್ತರಿಸತೊಡಗಿದಳು. ಒಳಕೋಣೆಯ ಕಡೆಗೆ ಬೆನ್ನು ಮಾಡಿ ಕೂರಲಾರದೆ ನಾನು ಸರಿದು ಕೂತೆ.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಬರಬರುತ್ತಾ ನನಗೆ ಹೆದರಿಕೆಗಿಂತ ಮರುಕವೇ ಹೆಚ್ಚಾಯಿತು. ಒಂದು ಮಧ್ಯಾಹ್ನ ಅವಳು "ಅತ್ತೆಗೊಂದು ಕಾಲ..." ಎಂದಾಗ, ದೊಡ್ಡ ಜಾಣೆಯಂತೆ ನಾನೇ "ಸೊಸೆಗೊಂದು ಕಾಲ" ಎಂದುಬಿಟ್ಟೆ.

ಅವಳು ಮಚ್ಚು ಕೆಳಗಿಟ್ಟಳು. "ಆಗ್ಲೇ ಕೆಮ್ಮಿದ್ರು. ಬಾಯಿ ತೆಗೆಯೋದ್ರೊಳ್ಗೆ ನೀನೇ ಅಂದ್ಬುಟ್ಟಲ್ಲ!"

ಅಂದಿನಿಂದ ಅವಳಿಗೆ ಉತ್ತರ ಬರಲಿಲ್ಲ. "ನೀನಿದ್ದೀಯಲ್ಲ, ತಾನ್ಯಾಕೆ ಅಂತ ಹೊಂಟೋದ್ರು" ಎಂದಳು. ಗಾದೆ ನಿಂತಿತು, ಮುದ್ದೆಯೂ ಸೇರದಾಯಿತು. ಅವಳಿಗೆ ಉಳಿದಿದ್ದ ಒಂದೇ ಒಂದನ್ನು ನಾನು ಕಸಿದೆನಲ್ಲ ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು.

ಕೊನೆಯ ಸಲ ಹೋದಾಗ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ದಿನ ಅವು ಮೇಯುವುದಿಲ್ಲ, ಹುಳುಮನೆಯಲ್ಲಿ ಒಂದಿಷ್ಟೂ ಸದ್ದಿರುವುದಿಲ್ಲ. ಗೋಡೆಗೊರಗಿ ಕೂತಿದ್ದ ದೊಡ್ಡವ್ವ ಮೆಲ್ಲಗೆ, "ಉಪ್ಪಿಗಿಂತ ರುಚಿ ಇಲ್ಲ..." ಎಂದಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಎಷ್ಟು ಹೊತ್ತಾಯಿತೋ, ಅವಳ ಮುಖ ಅರಳಿತು.

"ಕೇಳುಸ್ತಾ ಮಗ?"

"ಹೂಂ ದೊಡ್ಡವ್ವ" ಎಂದು ಸುಳ್ಳು ಹೇಳಿದೆ. ಮೂರನೇ ದಿನ ಅವಳೂ ಹೋದಳು.

ಈಗ ಖಾಲಿ ಬಿದ್ದ ಆ ಮನೆಯನ್ನೂ ಹುಳುಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿ ಗಾದೆ ಬಾಯಿಗೆ ಬಂದರೆ ಪೂರ್ತಿ ಹೇಳಿಯೇ ಉಸಿರು ಬಿಡುತ್ತಿದ್ದೆ. ಮೊನ್ನೆ ಸೊಪ್ಪು ಕತ್ತರಿಸುತ್ತಿದ್ದಾಗ ಅವಳ ನೆನಪು ಉಕ್ಕಿ ಬಂತು. "ಕುಂಬಾರಂಗೆ ವರ್ಸ..." ಎಂದು ಬೇಕೆಂದೇ ನಿಲ್ಲಿಸಿ, ಮಚ್ಚು ಎತ್ತಿ ಹಿಡಿದೆ.

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.