ಸುಟ್ಟ ನರ ಚಿಗುರುವ ಮುನ್ನ

ಬೆಂಗಳೂರಿನ ಡಾಕ್ಟರು "ನರ ಸುಡಬೇಕು" ಅಂದರಂತೆ ಎಂದು ಕೇಳಿ ನನ್ನ ಅಕ್ಕನ ಅತ್ತೆ ನಕ್ಕುಬಿಟ್ಟರು.

"ಸುಡೋದೇ ಆಗಿದ್ರೆ ನಾನೇ ಸುಡ್ತಿದ್ನಲ್ಲಪ್ಪ. ಅದುಕ್ಕೆ ಬೆಂಗ್ಳೂರಿಗ್ಯಾಕೆ ಓಗ್ಬೇಕಿತ್ತು?"

ಸೊಂಟನೋವಿಗೆ ಕಾದ ಕಬ್ಬಿಣದ ಬರೆ ಹಾಕಿಸೋಣ ಎಂದು ಆಕೆ ವರ್ಷಗಳಿಂದ ಹೇಳುತ್ತಲೇ ಇದ್ದರು. (ಅಕ್ಕ ಒಪ್ಪಿರಲಿಲ್ಲ. ಸದ್ಯ.)

ನನ್ನ ಅಕ್ಕ ಮುನಿರತ್ನಳನ್ನು ಕೊಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿಗೆ. ಸೀಮೆಹಸುಗಳು, ಹೊಲ, ಮನೆ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಕೊಟ್ಟಿಗೆಯಲ್ಲಿ ಜಾರಿ ಬಿದ್ದ ಮೇಲೆ ಶುರುವಾದ ನೋವು ಹೋಗಲೇ ಇಲ್ಲ. ಎಣ್ಣೆ, ಮಾತ್ರೆ, ಬೆಲ್ಟು ಎಲ್ಲ ಆಯಿತು. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತರೆ ಏಳಲು ಕಂಬ ಬೇಕು. ಭಾವ ಕೃಷ್ಣಪ್ಪನವರು ಹಸುಗಳನ್ನು ಮಾರಿಬಿಡೋಣ ಅನ್ನತೊಡಗಿದರು. ಆ ಮಾತು ಬಂದಾಗೆಲ್ಲ ಅಕ್ಕ ಎದ್ದು ಹೋಗಿಬಿಡುತ್ತಿದ್ದಳು. ಕರುಗಳಾಗಿದ್ದಾಗಿನಿಂದ ಅವಳೇ ಸಾಕಿದ ಹಸುಗಳು ಅವು.

ಡಾಕ್ಟರು ಏಕಾಏಕಿ ಸುಡಲಿಲ್ಲ. ಬೆನ್ನುಮೂಳೆಯ ಕೀಲಿನ ನೋವನ್ನು ಮೆದುಳಿಗೆ ಮುಟ್ಟಿಸುವ ಸಣ್ಣ ನರಗಳಿವೆಯಂತೆ. ತಪ್ಪು ಅವುಗಳದೇನಾ ಎಂದು ನೋಡಲು ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅವತ್ತು ವಾಪಸ್ ಬರುವ ಟ್ರೈನಿನಲ್ಲಿ ಅಕ್ಕ ಕಿಟಕಿ ಪಕ್ಕ ಆರಾಮಾಗಿ ಕೂತಿದ್ದಳು. ಸೊಂಟದ ಮೇಲೆ ಕೈ ಇಲ್ಲ. ಮನೆ ಮುಟ್ಟುವಷ್ಟರಲ್ಲಿ ಔಷಧಿ ಇಳಿದು ನೋವು ಹಾಜರ್. ಅಕ್ಕ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇಂಗೂ ಇರ್ಬೋದು ಅನ್ನೋದೇ ಮರ್ತೋಗಿತ್ತು ಕಣ್ಲಾ. ಸುಡ್ಲಿ ಬಿಡು."

ಸುಟ್ಟರು. ಎಕ್ಸ್‌ರೇ ಪರದೆ ನೋಡಿಕೊಂಡು ಸೂಜಿ ಇಳಿಸಿ, ಅದರ ತುದಿಯನ್ನು ಕರೆಂಟಿನಿಂದ ಬಿಸಿ ಮಾಡಿದರಂತೆ. ಅವತ್ತೇ ಮನೆಗೆ ಕಳಿಸಿದರು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಮರುದಿನದಿಂದ ನೋವು ಮೊದಲಿಗಿಂತ ಜಾಸ್ತಿ. ಜೊತೆಗೆ ಉರಿ. ಹೀಗಾಗಬಹುದು, ಕೆಲವು ವಾರ ತಾಳಿ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಆದರೆ ಎದುರಿಗೆ ಒಬ್ಬರು ನರಳುತ್ತಿರುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ? ಭಾವ ದನದ ದಲ್ಲಾಳಿಗೆ ಹೇಳಿಕಳಿಸಿದರು.

ದಲ್ಲಾಳಿ ಬಂದ ದಿನ ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಡಾಕ್ಟರು ಬರೆದುಕೊಟ್ಟ ವ್ಯಾಯಾಮವೆಲ್ಲ ಮುಗಿಯುವವರೆಗೆ ಯಾರೂ ಹಸುಗಳ ಹಗ್ಗ ಬಿಚ್ಚಕೂಡದು ಅಂದಳು. ಅಷ್ಟೇ. ದಲ್ಲಾಳಿ ಕಾಫಿ ಕುಡಿದು ಎದ್ದುಹೋದ.

ವ್ಯಾಯಾಮ ಮಾಡಿಸುತ್ತಿದ್ದವಳು ರಾಬರ್ಟ್‌ಸನ್‌ಪೇಟೆಯ ಫಿಸಿಯೋಥೆರಪಿಸ್ಟ್ ಸ್ಟೆಲ್ಲಾ. ಚಿನ್ನದ ಗಣಿ ಕಡೆಯ ಚಾಂಪಿಯನ್ ರೀಫ್ಸ್‌ನ ಹುಡುಗಿ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯಬಲ್ಲಳು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಹೊಟ್ಟೆ ಬಿಗಿಹಿಡಿಯುವುದು, ಬೆನ್ನು ಬಾಗಿಸದೆ ಮಂಡಿಯ ಬಲದಿಂದ ಏಳುವುದು. ಶುರುವಿನಲ್ಲಿ ಅಕ್ಕ ಬೆವತುಹೋಗುತ್ತಿದ್ದಳು. ಆದರೂ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ಕೆಲವು ವಾರಗಳಲ್ಲಿ ಉರಿ ಇಳಿಯಿತು. ಹಿಂದೆಯೇ ಹಳೇ ನೋವೂ. ಒಂದು ದಿನ ಬೆಳಿಗ್ಗೆ ಅಕ್ಕ ಕಂಬ ಹಿಡಿಯದೆ ಎದ್ದು ನಿಂತಳು. ನಿಂತವಳು ಸುಮ್ಮನಿದ್ದಳೇ? ಖುಷಿಯಲ್ಲಿ ಹೊಲಕ್ಕೆ ಹೋಗಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ತಂದಳು. ಮಾರನೇ ದಿನ ಅದನ್ನೇ ಹೆಮ್ಮೆಯಿಂದ ಸ್ಟೆಲ್ಲಾಗೂ ಹೇಳಿದಳು.

ಸ್ಟೆಲ್ಲಾ ಆ ದಿನ ಬೈಯಲಿಲ್ಲ. ಅಕ್ಕನನ್ನು ಕೂರಿಸಿ, ಜೊತೆಗೆ ಬಂದಿದ್ದ ಭಾವನನ್ನೂ ಒಳಗೆ ಕರೆದಳು.

"ಸುಟ್ಟ ನರ ತಿರ್ಗಾ ಚಿಗುರುತ್ತೆ ಅಕ್ಕಾ, ನೋವೂ ವಾಪಸ್ ಬರ್ಬೋದು. ಅದು ಚಿಗುರೋದ್ರೊಳಗೆ ಬೆನ್ನು ಗಟ್ಟಿ ಮಾಡ್ಕೋಬೇಕು. ಈ ಟೈಮು ಸಿಕ್ಕಿರೋದು ಅದುಕ್ಕೆ, ಹುಲ್ಲು ಹೊರೋಕಲ್ಲ."

ಆಮೇಲೆ ಭಾವನನ್ನು ನೋಡಿ ಕೇಳಿದಳು: "ನಿಮ್ಗೆ ಹಾಲು ಕರೆಯೋಕೆ ಬರುತ್ತಾಣ್ಣಾ?"

ಭಾವ ತಲೆ ಕೆರೆದುಕೊಂಡರು. ಹುಟ್ಟಿದಾಗಿನಿಂದ ಹಸುಗಳ ನಡುವೆ ಬೆಳೆದ ಮನುಷ್ಯ. ಹಾಲು ಕರೆದಿದ್ದು ಮಾತ್ರ ಮೊದಲು ಅವರಮ್ಮ, ಆಮೇಲೆ ಹೆಂಡತಿ.

ಕಲಿತರು. ಮೊದಲ ದಿನ ಹಸು ಬಕೆಟ್ಟನ್ನೇ ಒದ್ದುರುಳಿಸಿತು. ಅಕ್ಕ ಬಾಗಿಲಲ್ಲಿ ನಿಂತು, ಕೆಚ್ಚಲು ಹೇಗೆ ಸವರಬೇಕು, ಬೆರಳು ಎಲ್ಲಿಡಬೇಕು ಎಂದು ಹೇಳಿಕೊಟ್ಟಳು. ಹುಲ್ಲಿನ ಹೊರೆಯೂ ಭಾವನ ತಲೆಗೇ ಬಂತು.

ಹೋದ ಭಾನುವಾರ ಹೋಗಿದ್ದೆ. ವ್ಯಾಯಾಮ ಇನ್ನೂ ನಡೆದಿದೆ. ಅಕ್ಕ ಬೆಳಗಿನ ಹಾಲನ್ನು ತಾನೇ ಕರೆಯುತ್ತಾಳೆ, ನೋವಿಲ್ಲ. ಸಂಜೆಯದು ಭಾವನದೇ. ಅದನ್ನು ವಾಪಸ್ ತಗೊಳ್ಳುವ ಅವಸರ ಅವಳಿಗೆ ಕಾಣಲಿಲ್ಲ.

ನಿಮ್ಮ ಮನೆಯಲ್ಲಿ ಹಸು ಇಲ್ಲದಿರಬಹುದು. ಆದರೆ ಸಂಜೆಯ ಪಾತ್ರೆ ಯಾರು ತೊಳೆಯುತ್ತಾರೆ?